ನಾಲ್ಕು ಜಿಬಿ ಹಾಕಿದೆ, ಮೂರೂಕಾಲು ಸಿಕ್ಕಿತು

ತಿಪಟೂರಿನಲ್ಲಿರುವ ನನ್ನ ಸೋದರಮಾವ ಕನ್ನಡ ಮೇಷ್ಟರಾಗಿ ನಿವೃತ್ತರಾದವರು. ಊರ ಸುತ್ತಲಿನ ಶಾಸನ, ಸ್ಥಳನಾಮ, ಜಾತ್ರೆಗಳ ಬಗ್ಗೆ ಬರೆಯುತ್ತಲೇ ಇರುತ್ತಾರೆ. ಅವರ ಬರವಣಿಗೆಯೆಲ್ಲ ನಡೆಯುವುದು 2008ರ ಆರಂಭದಲ್ಲಿ ಅಸೆಂಬಲ್ ಮಾಡಿಸಿದ ಒಂದು ಡೆಸ್ಕ್‌ಟಾಪ್‌ನಲ್ಲಿ. ಅದರ ಜಾತಕ ಹೀಗಿದೆ: ಇಂಟೆಲ್ 945ಜಿಸಿ ಚಿಪ್‌ಸೆಟ್ (ಪ್ರೊಸೆಸರ್, ಮೆಮೊರಿ, ಡಿಸ್ಕುಗಳನ್ನು ಒಂದಕ್ಕೊಂದು ಬೆಸೆಯುವ ಚಿಪ್‌ಗಳು) ಇರುವ ಮದರ್‌ಬೋರ್ಡ್, ಪೆಂಟಿಯಂ ಡ್ಯುಯಲ್ ಕೋರ್ ಇ2180 ಪ್ರೊಸೆಸರ್, ಅಂದರೆ 2 ಗಿಗಾಹರ್ಟ್ಸ್‌ನ ಎರಡು ಕೋರ್, 1 ಎಂಬಿ ಕ್ಯಾಶೆ, 512 ಎಂಬಿ ಮೆಮೊರಿಯ ಎರಡು ಡಿಡಿಆರ್2 ರ‍್ಯಾಮ್, 160 ಜಿಬಿಯ ಸಾಟಾ ಹಾರ್ಡ್ ಡಿಸ್ಕ್, ಬೋರ್ಡಿನಲ್ಲೇ ಅಂಟಿಕೊಂಡು ಬಂದಿರುವ ಜಿಎಂಎ 950 ಗ್ರಾಫಿಕ್ಸ್. ಎಕ್ಸ್‌ಪಿ ಇದ್ದ ಯಂತ್ರಕ್ಕೆ ನಡುವೆ ಯಾರೋ 32 ಬಿಟ್‌ನ ವಿಂಡೋಸ್ 7 ಹಾಕಿಕೊಟ್ಟಿದ್ದರು.

"ಇದು ಏಳುವಷ್ಟರಲ್ಲಿ ನನ್ನ ಕಾಫಿ, ಪೇಪರ್ ಎರಡೂ ಮುಗಿದಿರುತ್ತವೆ" ಎಂದು ಮಾವ ಫೋನಿನಲ್ಲಿ ಹೇಳಿದ್ದರು. ಅಲ್ಲಿನ ಅಂಗಡಿಯಲ್ಲಿ ವಿಚಾರಿಸಿದಾಗ ಸಿಕ್ಕ ಉತ್ತರ ಎಲ್ಲ ಅಂಗಡಿಗಳಲ್ಲೂ ಸಿಗುವಂಥದ್ದೇ: ಮೆಮೊರಿ ಏರಿಸಿ, ಆಗದಿದ್ದರೆ ಹೊಸದು ಕೊಳ್ಳಿ. ಮೆಮೊರಿ ಕಡಿಮೆ ಇದೆ ಎಂಬುದು ನಿಜ. ಆದರೆ ಹಳೆಯ ಕಂಪ್ಯೂಟರ್ ನಿಧಾನವಾಗಿದೆ ಎಂದ ಮಾತ್ರಕ್ಕೆ ಅದು ಎಲ್ಲಿ ಕಾಯುತ್ತಿದೆ ಎಂದು ಗೊತ್ತಾಗುವುದಿಲ್ಲ. ಪ್ರೊಸೆಸರಿಗಾಗಿ ಕಾಯುತ್ತಿರಬಹುದು, ಮೆಮೊರಿಗಾಗಿ ಕಾಯುತ್ತಿರಬಹುದು, ಡಿಸ್ಕಿಗಾಗಿ ಕಾಯುತ್ತಿರಬಹುದು. ಈ ಮೂರರಲ್ಲಿ ಯಾವುದು ಎಂದು ತಿಳಿಯದೆ ಹಣ ಖರ್ಚು ಮಾಡುವುದು ನನಗೆ ಒಗ್ಗುವುದಿಲ್ಲ. ಹಾಗಾಗಿ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಯಂತ್ರವನ್ನು ಹಾಗೆಯೇ ಓಡಿಸಿ ನೋಡಿದೆ.

ಮುಚ್ಚಳ ತೆಗೆಯುವ ಮೊದಲು

ವಿಂಡೋಸ್ 7ರಲ್ಲಿ ರಿಸೋರ್ಸ್ ಮಾನಿಟರ್ ಎಂಬ ಸಾಧನವಿದೆ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿರುವ ಗುಂಡಿ ಒತ್ತಿದರೆ ಬರುತ್ತದೆ. ಬಹಳ ಜನ ಟಾಸ್ಕ್ ಮ್ಯಾನೇಜರಿನಲ್ಲಿ "ಶೇಕಡಾ 85 ಮೆಮೊರಿ ಬಳಕೆ" ಎಂಬುದನ್ನು ಕಂಡು ಗಾಬರಿಯಾಗುತ್ತಾರೆ. ಆ ಅಂಕಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ; ಖಾಲಿ ಬಿದ್ದಿರುವ ಮೆಮೊರಿಯಿಂದ ಯಾರಿಗೂ ಲಾಭವಿಲ್ಲ, ಅದನ್ನು ತುಂಬಿಟ್ಟುಕೊಳ್ಳುವುದೇ ವ್ಯವಸ್ಥೆಯ ಕೆಲಸ. ನೋಡಬೇಕಾದದ್ದು ರಿಸೋರ್ಸ್ ಮಾನಿಟರಿನ ಮೆಮೊರಿ ಪುಟದಲ್ಲಿ "ಹಾರ್ಡ್ ಫಾಲ್ಟ್ಸ್" ಎಂಬ ಕಾಲಂ. ಮೆಮೊರಿಯನ್ನು ಸಣ್ಣ ತುಂಡುಗಳಾಗಿ ಹಂಚಿರುತ್ತದೆ, ಅವಕ್ಕೂ ಪುಟ ಎಂದೇ ಹೆಸರು. ಒಂದು ಪ್ರೋಗ್ರಾಂ ತನಗೆ ಬೇಕಾದ ಪುಟ ಮೆಮೊರಿಯಲ್ಲಿ ಇಲ್ಲದೆ ಡಿಸ್ಕಿನಿಂದ ತರಿಸಿಕೊಳ್ಳಬೇಕಾದಾಗಲೆಲ್ಲ ಅಲ್ಲಿ ಲೆಕ್ಕ ಏರುತ್ತದೆ. ಒಮ್ಮೊಮ್ಮೆ ಏರಿ ಇಳಿದರೆ ಚಿಂತೆಯಿಲ್ಲ. ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದು, ಪಕ್ಕದಲ್ಲಿ ಕನ್ನಡ ಬರೆಯುವ ತಂತ್ರಾಂಶ ನುಡಿ ತೆರೆದು, ಒಂದರಿಂದ ಇನ್ನೊಂದಕ್ಕೆ ಹೋದಾಗ ಇಲ್ಲಿ ಲೆಕ್ಕ ಸೆಕೆಂಡಿಗೆ ನೂರರ ಗಡಿ ದಾಟಿ ಅಲ್ಲಿಯೇ ಕೂತುಬಿಟ್ಟಿತು. ಮೆಮೊರಿ ಸಾಲದು ಎಂಬುದಕ್ಕೆ ಅದು ಸಾಕ್ಷಿ.

ಸಾಲದೆ ಹೋದರೆ ಯಂತ್ರ ಅಷ್ಟೊಂದು ಏಕೆ ತೆವಳಬೇಕು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಬೇಕಾದ ಜಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4.17 ಮಿಲಿಸೆಕೆಂಡ್ ಬೇಕು. ತಲೆ ಆ ಹಾದಿಗೆ ಸರಿಯಲು ಇನ್ನೂ ಎಂಟೊಂಬತ್ತು ಮಿಲಿಸೆಕೆಂಡ್. ಒಟ್ಟು ಹದಿಮೂರು ಎಂದಿಟ್ಟುಕೊಂಡರೆ ಸೆಕೆಂಡಿಗೆ ಎಪ್ಪತ್ತೈದರಿಂದ ಎಂಬತ್ತು ಸಲ ಮಾತ್ರ ಓದಬಹುದು. ಒಂದು ಪುಟ 4 ಕೆಬಿ. ಚದುರಿಹೋದ ಪುಟಗಳನ್ನು ಒಂದೊಂದಾಗಿ ತರಬೇಕಾದ ಅತಿ ಕೆಟ್ಟ ಸ್ಥಿತಿಯಲ್ಲಿ ಸೆಕೆಂಡಿಗೆ ಸಿಗುವುದು 320 ಕೆಬಿ. ಸೆಕೆಂಡಿಗೆ ಸಾವಿರಾರು ಎಂಬಿ ಕೊಡಬಲ್ಲ ರ‍್ಯಾಮಿನ ಕೆಲಸವನ್ನು ಇದರ ಹೆಗಲಿಗೆ ಹೊರಿಸಿದರೆ ಕಾಫಿ ಆರುವುದಷ್ಟೇ ಅಲ್ಲ, ಇನ್ನೊಂದು ಲೋಟ ಕಾಫಿಗೂ ಸಮಯ ಸಿಗುತ್ತದೆ.

ಇಲ್ಲಿಗೇ ನಿಲ್ಲಿಸಿ ಅಂಗಡಿಯವರ ಮಾತಿಗೆ ಹೂಂಗುಟ್ಟಬಹುದಿತ್ತು. ಆದರೆ ಒಂದು ವಿಷಯ ಹೊಂದಿಕೆಯಾಗಲಿಲ್ಲ. ಎಲ್ಲ ಪ್ರೋಗ್ರಾಂ ಮುಚ್ಚಿ, ಮೆಮೊರಿಯಲ್ಲಿ ಸಾಕಷ್ಟು ಜಾಗ ಇರುವಾಗ, ಮಾವನ ಫೋಟೊಗಳಿರುವ ಒಂದು ಫೋಲ್ಡರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡಿದೆ. ವೇಗ ಸೆಕೆಂಡಿಗೆ 3 ಎಂಬಿ ದಾಟಲಿಲ್ಲ. ಜೊತೆಗೆ ಮೌಸಿನ ಬಾಣ ತಡವರಿಸುತ್ತ ಚಲಿಸುತ್ತಿತ್ತು, ಪ್ರೊಸೆಸರಿನ ಒಂದು ಕೋರ್ ಪೂರ್ತಿ ಮುಳುಗಿತ್ತು. ಬರಿಯ ನಕಲಿಗೆ ಪ್ರೊಸೆಸರಿನಿಂದ ಇಷ್ಟು ದುಡಿಮೆ ಬೇಕಿಲ್ಲ. ಇದು ಮೆಮೊರಿಯ ಕೊರತೆಯ ಲಕ್ಷಣವೇ ಅಲ್ಲ.

ಕೆಂಪು ಕೇಬಲ್

ಡಿವೈಸ್ ಮ್ಯಾನೇಜರಿನಲ್ಲಿ ಐಡಿಇ (ಡಿಸ್ಕ್ ಜೋಡಿಸುವ ಹಳೆಯ ಪದ್ಧತಿ) ನಿಯಂತ್ರಕಗಳ ಕೆಳಗೆ ಎಟಿಎ ಚಾನೆಲ್ ಎಂದಿರುತ್ತದೆ. ಅದರ ಅಡ್ವಾನ್ಸ್ಡ್ ಪುಟ ತೆರೆದರೆ ಡಿಸ್ಕ್ ಯಾವ ರೀತಿಯಲ್ಲಿ ಮಾತಾಡುತ್ತಿದೆ ಎಂದು ಬರೆದಿರುತ್ತದೆ. ಅಲ್ಟ್ರಾ ಡಿಎಂಎ 5 ಅಥವಾ 6 ಎಂದು ಇರಬೇಕಾದ ಕಡೆ "ಪಿಐಒ ಮೋಡ್" ಎಂದಿತ್ತು.

ಡಿಎಂಎ ಎಂದರೆ ಡಿಸ್ಕಿನ ನಿಯಂತ್ರಕವೇ ದತ್ತಾಂಶವನ್ನು ನೇರವಾಗಿ ಮೆಮೊರಿಗೆ ಸುರಿಯುವ ಪದ್ಧತಿ. ಪ್ರೊಸೆಸರ್ ಆಜ್ಞೆ ಕೊಟ್ಟು ತನ್ನ ಕೆಲಸಕ್ಕೆ ಹೋಗುತ್ತದೆ. ಪಿಐಒದಲ್ಲಿ ದತ್ತಾಂಶದ ಪ್ರತಿಯೊಂದು ತುಣುಕನ್ನೂ ಪ್ರೊಸೆಸರೇ ಎತ್ತಿ ಇಡಬೇಕು. 945ಜಿಸಿ ಜೊತೆ ಬರುವ ಐಸಿಎಚ್7 ಎಂಬ ಚಿಪ್ ಸಾಟಾ ಡಿಸ್ಕನ್ನೂ ಹಳೆಯ ಐಡಿಇ ರೂಪದಲ್ಲೇ ನಡೆಸುತ್ತದೆ. ಸಾಟಾಗೆಂದೇ ಬಂದ ಎಎಚ್‌ಸಿಐ ಪದ್ಧತಿಯ ಸೌಲಭ್ಯ ಈ ಅಗ್ಗದ ಆವೃತ್ತಿಗಿಲ್ಲ. ಐಡಿಇ ರೂಪದಲ್ಲಿ ನಡೆಯುವ ಚಾನೆಲ್‌ನಲ್ಲಿ ದತ್ತಾಂಶ ಕೆಟ್ಟು ಬರುವುದು, ಉತ್ತರ ತಡವಾಗುವುದು ಮತ್ತೆ ಮತ್ತೆ ನಡೆದರೆ ವಿಂಡೋಸ್ ತಾನಾಗಿಯೇ ವೇಗವನ್ನು ಒಂದೊಂದು ಮೆಟ್ಟಿಲು ಇಳಿಸುತ್ತ ಕೊನೆಗೆ ಪಿಐಒಗೆ ತಂದು ನಿಲ್ಲಿಸುತ್ತದೆ. ಯಾರಿಗೂ ಒಂದು ಎಚ್ಚರಿಕೆಯ ಮಾತೂ ಹೇಳುವುದಿಲ್ಲ. ಕಾರಣ ಸರಿಹೋದರೂ ಮೇಲಕ್ಕೆ ಏರಿಸುವುದೂ ಇಲ್ಲ.

ದತ್ತಾಂಶ ಕೆಡುವುದು ಎಲ್ಲಿ? ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ದಾಖಲೆ ತೆಗೆದು ನೋಡಿದೆ. ಅದರಲ್ಲಿ 199ನೇ ಸಾಲು ಸಿಆರ್‌ಸಿ ದೋಷಗಳ ಲೆಕ್ಕ. ಅದು ಡಿಸ್ಕ್ ಮತ್ತು ಬೋರ್ಡಿನ ನಡುವಿನ ದಾರಿಯಲ್ಲಿ ಕೆಟ್ಟದ್ದನ್ನು ಎಣಿಸುತ್ತದೆ. ಅಲ್ಲಿ ನಾಲ್ಕಂಕಿಯ ಸಂಖ್ಯೆ ಇತ್ತು. ಈ ಲೆಕ್ಕ ಸೊನ್ನೆಗೆ ಮರಳುವುದಿಲ್ಲ, ಆದ್ದರಿಂದ ಸಂಖ್ಯೆ ದೊಡ್ಡದು ಎಂದು ಹೆದರುವುದಕ್ಕಿಂತ ಅದು ಇನ್ನೂ ಏರುತ್ತಿದೆಯೇ ಎಂದು ನೋಡಬೇಕು. ಇನ್ನೊಂದು ಫೋಲ್ಡರ್ ನಕಲು ಮಾಡಿ ಮತ್ತೆ ನೋಡಿದಾಗ ಏರಿತ್ತು.

ಕ್ಯಾಬಿನೆಟ್ಟಿನ ಬಾಗಿಲು ತೆಗೆದ ಮೇಲೆ ಹುಡುಕುವ ಕಷ್ಟವೇನೂ ಇರಲಿಲ್ಲ. ಡಿಸ್ಕಿನ ಕೆಂಪು ಸಾಟಾ ಕೇಬಲ್ಲನ್ನು ಬಾಗಿಲಿಗೆ ತಾಗದಿರಲೆಂದು ಯಾರೋ ಎರಡಾಗಿ ಮಡಚಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದಿದ್ದರು. ಮಡಿಕೆಯ ಜಾಗದಲ್ಲಿ ಹೊದಿಕೆ ಬಿಳಿಚಿಕೊಂಡಿತ್ತು. ತುದಿಯಲ್ಲಿ ಹಿಡಿದಿಡುವ ಲೋಹದ ಕೊಂಡಿಯೂ ಇಲ್ಲದ ಹಳೆಯ ನಮೂನೆಯ ಕೇಬಲ್. ಬೆರಳು ತಾಗಿಸಿದರೆ ಅಲುಗುತ್ತಿತ್ತು. ಕೊಂಡಿಯಿರುವ ಹೊಸ ಕೇಬಲ್ ಹಾಕಿ, ಡಿವೈಸ್ ಮ್ಯಾನೇಜರಿನಲ್ಲಿ ಆ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ಯಂತ್ರವನ್ನು ಮತ್ತೆ ಏಳಿಸಿದೆ. ವಿಂಡೋಸ್ ಚಾನೆಲ್ಲನ್ನು ಹೊಸದಾಗಿ ಗುರುತಿಸಿ ಡಿಎಂಎಗೆ ಮರಳಿತು. ಅದೇ ಫೋಲ್ಡರ್ ಈಗ ಸೆಕೆಂಡಿಗೆ ಐವತ್ತು ಎಂಬಿಗಿಂತ ಹೆಚ್ಚಿನ ವೇಗದಲ್ಲಿ ಹೋಯಿತು. ಎಂಬತ್ತು ರೂಪಾಯಿಯ ಕೇಬಲ್. ಮೆಮೊರಿ ಹಾಕಿಸಿ ಸುಮ್ಮನಾಗಿದ್ದರೆ ಇದು ಎಂದೂ ಬೆಳಕಿಗೆ ಬರುತ್ತಿರಲಿಲ್ಲ.

ಅದೇ ದಾಖಲೆಯಲ್ಲಿ ಇನ್ನೊಂದು ಸಾಲು ನನ್ನ ಖುಷಿಯನ್ನು ಅಲ್ಲೇ ತಗ್ಗಿಸಿತು. 197ನೇ ಸಾಲು, ಓದಲಾಗದೆ ಕಾದಿರುವ ಸೆಕ್ಟರುಗಳ ಲೆಕ್ಕ, ಸೊನ್ನೆ ಇರಲಿಲ್ಲ. ಅದಕ್ಕೆ ಕೇಬಲ್ ಕಾರಣವಲ್ಲ. ಡಿಸ್ಕಿನ ಮೇಲ್ಮೈಯೇ ಸೋಲಲಾರಂಭಿಸಿದೆ ಎಂದರ್ಥ. ಬೇರೆ ಎಲ್ಲವನ್ನೂ ಬದಿಗಿಟ್ಟು ಮಾವನ ಲೇಖನಗಳನ್ನೂ ಫೋಟೊಗಳನ್ನೂ ಹೊರಗಿನ ಡಿಸ್ಕಿಗೆ ತುಂಬಿಸಿದೆ.

ಧೂಳಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪ್ರೊಸೆಸರಿನ ಫ್ಯಾನ್ ತೆಗೆದಾಗ ಅದರಡಿಯ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕಂಬಳಿಯಂತೆ ಹೆಣೆದುಕೊಂಡ ಧೂಳಿನ ಪದರ ಇಡಿಯಾಗಿ ಎದ್ದು ಬಂತು. ಇಂಟೆಲ್ ಪ್ರೊಸೆಸರ್ ಕಾವೇರಿದರೆ ಸುಟ್ಟುಹೋಗುವುದಿಲ್ಲ, ತನ್ನ ಓಟವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬೇಸಿಗೆಯ ಮಧ್ಯಾಹ್ನ ಹೆಚ್ಚು ನಿಧಾನ ಎಂಬ ಮಾವನ ದೂರಿಗೆ ಇದೇ ಕಾರಣವಿರಬಹುದು. ಬ್ಲೋವರ್ ಬಿಟ್ಟು, ಪ್ರೊಸೆಸರಿನ ಕಾವನ್ನು ರೆಕ್ಕೆಗಳಿಗೆ ದಾಟಿಸುವ, ಒಣಗಿ ಪುಡಿಯಾಗಿದ್ದ ಹಳೆಯ ಪೇಸ್ಟ್ ಒರೆಸಿ, ಹೊಸದು ಹಚ್ಚಿದೆ. ಈ ಫ್ಯಾನಿನ ನಾಲ್ಕು ಪ್ಲಾಸ್ಟಿಕ್ ಗೂಟಗಳನ್ನು ಒಂದೊಂದಾಗಿ ಕ್ರಮವಾಗಿ ಒತ್ತದೆ ಕರ್ಣದ ಎದುರು ಬದುರು ಒತ್ತಬೇಕು, ಬೋರ್ಡಿನ ಹಿಂಬದಿಯಿಂದ ಕಪ್ಪು ತುದಿ ಹೊರಬಂದಿದೆಯೇ ಎಂದು ನೋಡಬೇಕು. ಬ್ಲೋವರ್ ಬಿಡುವಾಗ ಫ್ಯಾನ್ ತಿರುಗದಂತೆ ಬೆರಳಿನಲ್ಲಿ ಹಿಡಿದುಕೊಳ್ಳುವುದೂ ಒಳ್ಳೆಯದು. ಬೋರ್ಡಿನ ಗುಂಡು ಬ್ಯಾಟರಿಯನ್ನೂ ಬದಲಿಸಿದೆ. ಅದು ಸತ್ತು ಗಡಿಯಾರ ಹಳೆಯ ವರ್ಷಕ್ಕೆ ಹಾರುತ್ತಿದ್ದುದರಿಂದಲೇ ಬ್ರೌಸರ್ ಆಗಾಗ ಭದ್ರತಾ ಪ್ರಮಾಣಪತ್ರ ಸರಿಯಿಲ್ಲ ಎಂದು ಜಾಲತಾಣಗಳನ್ನು ತಡೆಯುತ್ತಿತ್ತು. ಮನೆಯವರು ಅದನ್ನು "ನೆಟ್ ಸರಿಯಿಲ್ಲ" ಎಂದುಕೊಂಡಿದ್ದರು.

ಮೆಮೊರಿಯ ನಾಲ್ಕು ಬೇಲಿಗಳು

ಈಗ ಮೆಮೊರಿ. ಎಷ್ಟು ಹಾಕಬಹುದು ಎಂಬ ಪ್ರಶ್ನೆಗೆ ಹಳೆಯ ಯಂತ್ರಗಳಲ್ಲಿ ಒಂದೇ ಉತ್ತರವಿರುವುದಿಲ್ಲ. ಬೋರ್ಡಿನಲ್ಲಿ ಎಷ್ಟು ಸ್ಲಾಟ್ ಇವೆ, ಚಿಪ್‌ಸೆಟ್ ಎಷ್ಟನ್ನು ಕಾಣಬಲ್ಲದು, ಆಪರೇಟಿಂಗ್ ಸಿಸ್ಟಂ ಎಷ್ಟಕ್ಕೆ ಒಪ್ಪುತ್ತದೆ, ಒಂದೊಂದು ಪ್ರೋಗ್ರಾಂ ಎಷ್ಟನ್ನು ಬಳಸಬಲ್ಲದು, ಹೀಗೆ ಒಂದರ ಒಳಗೊಂದು ಬೇಲಿಗಳಿವೆ. ಎಲ್ಲಕ್ಕಿಂತ ಚಿಕ್ಕ ಬೇಲಿಯೇ ನಿಜವಾದ ಮಿತಿ.

ನಮ್ಮ ಬೋರ್ಡಿನಲ್ಲಿ ಎರಡೇ ಸ್ಲಾಟ್, ಒಂದೊಂದಕ್ಕೆ 2 ಜಿಬಿ. 945ಜಿಸಿಯ ಗರಿಷ್ಠ ಮಿತಿಯೂ 4 ಜಿಬಿ. ಹಾಗಾಗಿ 2 ಜಿಬಿಯ ಎರಡು ಡಿಡಿಆರ್2 ಬೇಕು. ಹೊಸದನ್ನು ಹುಡುಕುವುದು ದಂಡ. ಬೆಂಗಳೂರಿನ ಎಸ್.ಪಿ. ರಸ್ತೆಯ ಮಹಡಿ ಅಂಗಡಿಗಳಲ್ಲಿ ಹಳೆಯ ಕಚೇರಿ ಕಂಪ್ಯೂಟರುಗಳಿಂದ ಕಳಚಿದ ರ‍್ಯಾಮ್‌ಗಳನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಗುಡ್ಡೆ ಹಾಕಿ ಇಟ್ಟಿರುತ್ತಾರೆ. ಅಲ್ಲಿ ಕೈಹಾಕುವ ಮೊದಲು ಒಂದು ವಿಷಯ ತಿಳಿದಿರಬೇಕು. 945 ಸರಣಿಯ ಚಿಪ್‌ಸೆಟ್‌ಗೆ ಅರ್ಥವಾಗುವುದು ಒಂದೊಂದೂ 1 ಗಿಗಾಬಿಟ್ ತನಕದ ಮೆಮೊರಿ ಚಿಪ್‌ಗಳು ಮಾತ್ರ. 1 ಗಿಗಾಬಿಟ್‌ನ ಎಂಟು ಚಿಪ್ ಸೇರಿದರೆ 1 ಜಿಬಿ. ಆದ್ದರಿಂದ 2 ಜಿಬಿ ರ‍್ಯಾಮಿನಲ್ಲಿ ಹದಿನಾರು ಚಿಪ್ ಇರಬೇಕು, ಈ ಕಡೆ ಎಂಟು, ಆ ಕಡೆ ಎಂಟು. ಎಂಟೇ ಚಿಪ್ ಇರುವ 2 ಜಿಬಿ ರ‍್ಯಾಮ್ ಕೂಡ ಸಿಗುತ್ತದೆ. ಅದರ ಒಂದೊಂದು ಚಿಪ್ಪೂ 2 ಗಿಗಾಬಿಟ್. ಮುಂದಿನ ಕಾಲದ ಬೋರ್ಡುಗಳಲ್ಲಿ ಅದು ಓಡುತ್ತದೆ, ಇದರಲ್ಲಿ ಓಡುವುದಿಲ್ಲ. ಎಎಂಡಿ ಯಂತ್ರಗಳಿಗೆ ಮಾತ್ರ ಎಂದು ಮಾರುವ ಅಗ್ಗದ 4 ಜಿಬಿ ಡಿಡಿಆರ್2 ಕೂಡ ಇಲ್ಲಿ ಉಪಯೋಗಕ್ಕೆ ಬಾರದು. ಸ್ಟಿಕ್ಕರಿನ ಮೇಲಿನ ಅಕ್ಷರಗಳಿಗಿಂತ ಚಿಪ್ ಎಣಿಸುವುದೇ ಭದ್ರ.

ಅಂಗಡಿಯವರು ತಟ್ಟೆಯಿಂದ ಒಂದನ್ನು ಎತ್ತಿ "ಇದು 800, ನಿಮ್ಮದು 667, ಪರವಾಗಿಲ್ಲವೇ ಸರ್?" ಎಂದು ಕೇಳಿದರು. ಪರವಾಗಿಲ್ಲ, ಬೋರ್ಡ್ ಅದನ್ನು 667ರ ವೇಗದಲ್ಲೇ ಓಡಿಸುತ್ತದೆ. ಎರಡೂ ಒಂದೇ ತಯಾರಿಕೆಯವು, ಒಂದೇ ಚಿಪ್ಪಿನವು ಸಿಗುವ ತನಕ ಹುಡುಕಿದೆ. ಎರಡು ಸ್ಲಾಟುಗಳಲ್ಲೂ ಸಮನಾದ ರ‍್ಯಾಮ್ ಇದ್ದರೆ ಎರಡು ಹಾದಿಗಳಲ್ಲಿ ಒಟ್ಟಿಗೆ ಓದುವ ಡ್ಯುಯಲ್ ಚಾನೆಲ್ ಪದ್ಧತಿ ಸಿಗುತ್ತದೆ. ಗ್ರಾಫಿಕ್ಸ್ ಕೂಡ ಇದೇ ಮೆಮೊರಿಯನ್ನು ಹಂಚಿಕೊಳ್ಳುವ ಇಂಥ ಬೋರ್ಡಿನಲ್ಲಿ ಅದನ್ನು ಬಿಟ್ಟುಕೊಡಬಾರದು. ಎರಡಕ್ಕೂ ಸೇರಿ ಏಳುನೂರು ರೂಪಾಯಿ ಕೊಟ್ಟು, ಕೆಟ್ಟರೆ ಬದಲಿಸಿಕೊಡುವ ಮಾತು ಪಡೆದು ತಂದೆ.

ಆ ಮಾತು ಕೆಲಸಕ್ಕೆ ಬಂತು. ಕಳಚಿದ ರ‍್ಯಾಮ್ ಹಾಕಿ, ಯಂತ್ರ ಎದ್ದಿತು ಎಂದ ಕೂಡಲೇ ನಂಬುವಂತಿಲ್ಲ. ಮೆಮ್‌ಟೆಸ್ಟ್86+ ಎಂಬ ಪುಟ್ಟ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಏಳಿಸಿ ರಾತ್ರಿಯಿಡೀ ಓಡಲು ಬಿಟ್ಟೆ. ಬೆಳಿಗ್ಗೆ ಪರದೆಯ ಕೆಳಭಾಗದಲ್ಲಿ ಕೆಂಪು ಸಾಲುಗಳು. ಮೊದಲು ಎರಡರ ಚಿನ್ನದ ಬಣ್ಣದ ಅಂಚುಗಳನ್ನೂ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿದೆ. ರಿಪೇರಿಯವರ ಈ ಹಳೆಯ ಉಪಾಯ ಅರ್ಧದಷ್ಟು ಸಲ ಫಲಿಸುತ್ತದೆ. ಈ ಸಲ ಫಲಿಸಲಿಲ್ಲ. ಒಂದನ್ನು ತೆಗೆದು ಇನ್ನೊಂದನ್ನೇ ಓಡಿಸಿದೆ, ಆಮೇಲೆ ಸ್ಲಾಟ್ ಬದಲಿಸಿ ಓಡಿಸಿದೆ. ದೋಷ ಒಂದೇ ರ‍್ಯಾಮಿನ ಹಿಂದೆ ಎರಡೂ ಸ್ಲಾಟಿಗೆ ಹೋಯಿತು, ಸ್ಲಾಟ್ ನಿರ್ದೋಷಿ. ಅಂಗಡಿಯವರು ತಕರಾರಿಲ್ಲದೆ ಬದಲಿಸಿಕೊಟ್ಟರು. ಕೆಟ್ಟ ರ‍್ಯಾಮ್ ಇದ್ದರೂ ಯಂತ್ರ ಎಷ್ಟೋ ದಿನ ಸರಿಯಾಗಿಯೇ ನಡೆಯುವಂತೆ ಕಾಣಬಹುದು. ಅಷ್ಟರಲ್ಲಿ ಡಿಸ್ಕಿಗೆ ಹೋಗುವ ಕಡತಗಳು ಒಳಗೊಳಗೇ ಕೆಡುತ್ತಿರುತ್ತವೆ. ಆ ಒಂದು ರಾತ್ರಿಯ ಕರೆಂಟಿನ ಖರ್ಚನ್ನು ಉಳಿಸಬೇಡಿ.

ಎರಡೂ ಸರಿಯಿದ್ದ ಮೇಲೆ ವಿಂಡೋಸ್ ಏಳಿಸಿದೆ. ಸಿಸ್ಟಂ ಪುಟ ಹೇಳಿತು: 4 ಜಿಬಿ ಇದೆ, ಬಳಸಬಹುದಾದದ್ದು 3.24 ಜಿಬಿ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮಾವ ಕೇಳಿದರು: "ಮುಕ್ಕಾಲು ಜಿಬಿ ಎಲ್ಲಿ ಹೋಯಿತು? ಅಂಗಡಿಯವನು ತೂಕದಲ್ಲಿ ಹೊಡೆದನೇನು?"

ಅಂಗಡಿಯವರ ತಪ್ಪಲ್ಲ. ವಿವರ ಹೀಗೆ. 32 ಬಿಟ್‌ನ ವಿಳಾಸದಿಂದ ಬರೆಯಬಹುದಾದ ಸಂಖ್ಯೆಗಳು 4,29,49,67,296. ಬೈಟಿಗೊಂದು ವಿಳಾಸ ಎಂದರೆ ಸರಿಯಾಗಿ 4 ಜಿಬಿ. ಆದರೆ ವಿಳಾಸ ಬೇಕಿರುವುದು ರ‍್ಯಾಮಿಗೆ ಮಾತ್ರವಲ್ಲ. ಯಂತ್ರವನ್ನು ಏಳಿಸುವ ಬಯಾಸ್ ಚಿಪ್, ಗ್ರಾಫಿಕ್ಸ್, ನೆಟ್‌ವರ್ಕ್, ಯುಎಸ್‌ಬಿ, ಪಿಸಿಐ ಎಕ್ಸ್‌ಪ್ರೆಸ್, ಎಲ್ಲವನ್ನೂ ಪ್ರೊಸೆಸರ್ ವಿಳಾಸದ ಮೂಲಕವೇ ಮಾತನಾಡಿಸುತ್ತದೆ, ಅವುಗಳ ವಿಳಾಸಗಳು 4 ಜಿಬಿಯ ತುದಿಯಿಂದ ಕೆಳಮುಖವಾಗಿ ಜಾಗ ಹಿಡಿಯುತ್ತವೆ. ಅದೇ ವಿಳಾಸಗಳಲ್ಲಿ ಕೂರಬೇಕಿದ್ದ ರ‍್ಯಾಮ್ ಸ್ಲಾಟಿನಲ್ಲಿ ಇದ್ದರೂ ಅದನ್ನು ಕರೆಯಲು ಹೆಸರಿಲ್ಲ. 1 ಜಿಬಿ ಇದ್ದಾಗ ಈ ಎರಡೂ ಎಂದೂ ಎದುರಾಗುತ್ತಿರಲಿಲ್ಲ. ಆಗ ಕಾಣೆಯಾಗುತ್ತಿದ್ದದ್ದು ಗ್ರಾಫಿಕ್ಸ್ ತನಗೆಂದು ಎತ್ತಿಡುವ 8 ಎಂಬಿ ಮಾತ್ರ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ 64 ಬಿಟ್‌ನ ವ್ಯವಸ್ಥೆ ಹಾಕಿಕೊಳ್ಳಿ ಎಂಬುದು. ಮುಂದಿನ ಚಿಪ್‌ಸೆಟ್‌ಗಳಲ್ಲಿ ಅದು ಸರಿಯಾದ ಸಲಹೆ, ಏಕೆಂದರೆ ಅವು ಹೀಗೆ ಮರೆಯಾದ ಮೆಮೊರಿಯನ್ನು 4 ಜಿಬಿಯ ಗೆರೆಯ ಮೇಲಕ್ಕೆ ಎತ್ತಿ ಕೂರಿಸಬಲ್ಲವು. ಬಯಾಸ್‌ನಲ್ಲಿ "ಮೆಮೊರಿ ರೀಮ್ಯಾಪ್" ಎಂಬ ಆಯ್ಕೆ ಇದ್ದರೆ ಅದೇ ಇದು. 945 ಸರಣಿಗೆ ಆ ಶಕ್ತಿಯಿಲ್ಲ. ಅದರ ವಿಳಾಸದ ಹಾದಿಯೇ 32 ಬಿಟ್. ಪ್ರೊಸೆಸರ್ 64 ಬಿಟ್‌ನದಾದರೂ, ಮೇಲೆ ಯಾವ ವ್ಯವಸ್ಥೆ ಹಾಕಿದರೂ ಸಿಗುವುದು ಮೂರೂಕಾಲೇ. ಇದನ್ನು ಮಾವನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. "ಹಾಗಾದರೆ 2 ಮತ್ತು 1 ಹಾಕಿದ್ದರೆ ಸಾಕಿತ್ತಲ್ಲ" ಎಂದರು. ಲೆಕ್ಕ ಸರಿ. ಆದರೆ ಆಗ ಡ್ಯುಯಲ್ ಚಾನೆಲ್‌ನ ಪೂರ್ತಿ ಲಾಭ ಸಿಗುವುದಿಲ್ಲ, ಹಣದ ವ್ಯತ್ಯಾಸವೂ ನೂರಿನ್ನೂರು.

ಇದೇ ಗೊಂದಲ ಬೇರೆ ಕಡೆ ಬೇರೆ ಕಾರಣಕ್ಕೆ ಆಗುತ್ತದೆ. ವಿಂಡೋಸ್ 7 ಸ್ಟಾರ್ಟರ್ ಹಾಕಿದ ಪುಟ್ಟ ನೆಟ್‌ಬುಕ್‌ನಲ್ಲಿ ಮೆಮೊರಿ ಎಷ್ಟೇ ಇದ್ದರೂ 2 ಜಿಬಿಗಿಂತ ಹೆಚ್ಚು ಬಳಕೆಗೆ ಬಾರದು. ಹೋಮ್ ಬೇಸಿಕ್‌ನ 64 ಬಿಟ್ ಆವೃತ್ತಿ 8 ಜಿಬಿಗೆ ನಿಲ್ಲುತ್ತದೆ. ಅವು ಯಂತ್ರದ ಮಿತಿಗಳಲ್ಲ, ಮಾರಾಟಗಾರರು ಹಾಕಿದ ಬೇಲಿಗಳು. ಇನ್ನು 32 ಬಿಟ್ ವಿಂಡೋಸಿನಲ್ಲಿ ಒಂದೊಂದು ಪ್ರೋಗ್ರಾಂಗೆ ಸಾಮಾನ್ಯವಾಗಿ ಸಿಗುವ ವಿಳಾಸ 2 ಜಿಬಿ. ದೊಡ್ಡ ಫೋಟೊ ತೆರೆದಾಗ ಮೆಮೊರಿ ಖಾಲಿ ಇದ್ದರೂ ಪ್ರೋಗ್ರಾಂ "ಮೆಮೊರಿ ಸಾಲದು" ಎಂದು ಕೈಚೆಲ್ಲುವುದು ಅದಕ್ಕೇ.

ಇಲ್ಲಿಯೇ ಒಂದು ಮಾತು. ಮಾವನ ಯಂತ್ರದಲ್ಲಿ ಮೆಮೊರಿಯನ್ನು "ಸ್ವಚ್ಛ" ಮಾಡುವ ಒಂದು ತಂತ್ರಾಂಶವಿತ್ತು, ಗಡಿಯಾರದ ಪಕ್ಕದಲ್ಲಿ ಹಸಿರು ಮುಳ್ಳು ತೋರಿಸುತ್ತ ಕೂತಿತ್ತು. ಇಂಥವು ಮಾಡುವುದಿಷ್ಟೇ: ನಡೆಯುತ್ತಿರುವ ಪ್ರೋಗ್ರಾಂಗಳ ಪುಟಗಳನ್ನು ಬಲವಂತವಾಗಿ ಹೊರದೂಡಿ, ಮೆಮೊರಿ ಖಾಲಿಯಾಯಿತು ಎಂದು ಅಂಕಿ ತೋರಿಸುತ್ತವೆ. ಮರುಕ್ಷಣ ಅವೇ ಪುಟಗಳು ಬೇಕಾಗಿ ಡಿಸ್ಕ್ ಕಿರುಗುಟ್ಟುತ್ತದೆ. ಅದರ ಜೊತೆ ಎರಡೆರಡು ಆಂಟಿವೈರಸ್, ಒಂದು ಇನ್ನೊಂದರ ಮೇಲೆ ಕಣ್ಣಿಟ್ಟುಕೊಂಡು. ಮೂರನ್ನೂ ತೆಗೆದುಹಾಕಿದೆ.

ವಿಂಡೋಸಿಗೆ ವಿದಾಯ

ಮೆಮೊರಿ ಏರಿದ ಮೇಲೆ ಹಾರ್ಡ್ ಫಾಲ್ಟ್ ಸೊನ್ನೆಯ ಆಸುಪಾಸಿಗೆ ಇಳಿಯಿತು. ಟ್ಯಾಬಿನಿಂದ ಟ್ಯಾಬಿಗೆ ಹೋಗುವುದು ಸಲೀಸಾಯಿತು. ಆದರೂ ವಿಂಡೋಸ್ 7ಅನ್ನು ಉಳಿಸಿಕೊಳ್ಳುವಂತಿರಲಿಲ್ಲ. ಅದಕ್ಕೆ ಭದ್ರತಾ ತಿದ್ದುಪಡಿಗಳು 2020ರ ಜನವರಿ 14ಕ್ಕೇ ನಿಂತಿವೆ. ಕ್ರೋಮ್ ಅದರ ಮೇಲೆ 109ನೇ ಆವೃತ್ತಿಗೆ ನಿಂತಿದೆ. ಮಾವ ಇದರಲ್ಲೇ ಪಿಂಚಣಿಯ ಬ್ಯಾಂಕ್ ಖಾತೆ ನೋಡುತ್ತಾರೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 11 ಈ ಪ್ರೊಸೆಸರನ್ನು ಒಪ್ಪುವುದೇ ಇಲ್ಲ. ಆದ್ದರಿಂದ ಉಚಿತವಾಗಿ ಸಿಗುವ ಆಪರೇಟಿಂಗ್ ಸಿಸ್ಟಂ ಲಿನಕ್ಸ್.

ಸಾಯುತ್ತಿದ್ದ ಹಾರ್ಡ್ ಡಿಸ್ಕಿನ ಜಾಗಕ್ಕೆ 128 ಜಿಬಿಯ ಸಾಟಾ ಎಸ್‌ಎಸ್‌ಡಿ ಬಂತು. ಐಸಿಎಚ್7ನ ಸಾಟಾ ಹಳೆಯದು, ಸೆಕೆಂಡಿಗೆ 3 ಗಿಗಾಬಿಟ್‌ನದು. ಎಸ್‌ಎಸ್‌ಡಿಯ ಡಬ್ಬಿಯ ಮೇಲೆ ಬರೆದ ಪೂರ್ತಿ ವೇಗ ಇಲ್ಲಿ ಸಿಗುವುದಿಲ್ಲ. ಅದರಿಂದ ಬೇಸರಪಡಬೇಕಾಗಿಲ್ಲ. ತಿರುಗುವ ತಟ್ಟೆ, ಸರಿಯುವ ತಲೆ ಎರಡೂ ಇಲ್ಲದಿರುವುದರಿಂದ ಮೇಲೆ ಹಾಕಿದ ಎಂಬತ್ತರ ಲೆಕ್ಕ ಸಾವಿರಗಳಿಗೆ ಹೋಗುತ್ತದೆ, ದಿನನಿತ್ಯದ ಬಳಕೆಯಲ್ಲಿ ಕಾಣುವ ವ್ಯತ್ಯಾಸ ಅದರದೇ.

ಲಿನಕ್ಸಿನ ಒಂದು ರೂಪವಾದ ಡೆಬಿಯನ್ 13ನ್ನು ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪ್ ಜೊತೆ ಹಾಕಿದೆ. 64 ಬಿಟ್‌ನದೇ ಏಕೆ ಎಂದರೆ, ಮುಕ್ಕಾಲು ಜಿಬಿ ಮರಳಿ ಬರುತ್ತದೆಂದಲ್ಲ. 32 ಬಿಟ್‌ಗೆ ಇನ್‌ಸ್ಟಾಲರ್ ಒದಗಿಸುವುದನ್ನು ಡೆಬಿಯನ್ ಈ ಆವೃತ್ತಿಯಿಂದ ನಿಲ್ಲಿಸಿದೆ, ಬ್ರೌಸರುಗಳೂ ಆ ದಾರಿ ಬಿಟ್ಟಿವೆ. 64 ಬಿಟ್ ತುಸು ಹೆಚ್ಚು ಮೆಮೊರಿ ನುಂಗುತ್ತದೆ, ಅಷ್ಟನ್ನು ತಾಳಿಕೊಳ್ಳಬೇಕು. ಡೆಸ್ಕ್‌ಟಾಪ್ ಎದ್ದು ಸುಮ್ಮನಿರುವಾಗ ಬಳಕೆ 600 ಎಂಬಿಯ ಸುತ್ತಮುತ್ತ ಇದೆ. ಕಿಟಕಿಗಳ ನೆರಳು, ಪಾರದರ್ಶಕತೆಗಳನ್ನು ಮೂಡಿಸುವ ಕಾಂಪೊಸಿಟರನ್ನು ಆಫ್ ಮಾಡಿದೆ. ಜಿಎಂಎ 950ಕ್ಕೆ ಆ ಸಿಂಗಾರದ ಹೊರೆ ಬೇಡ.

ಮೂರೂಕಾಲನ್ನು ಇನ್ನಷ್ಟು ಹಿಗ್ಗಿಸಲು ಜಿರ‍್ಯಾಮ್ ಇದೆ. ಮೆಮೊರಿ ತುಂಬುತ್ತ ಬಂದಾಗ ಬಳಕೆಯಲ್ಲಿಲ್ಲದ ಪುಟಗಳನ್ನು ಡಿಸ್ಕಿಗೆ ಕಳಿಸುವ ಬದಲು ಒತ್ತಿ ಕುಗ್ಗಿಸಿ ಮೆಮೊರಿಯಲ್ಲೇ ಇಟ್ಟುಕೊಳ್ಳುವ ಉಪಾಯ ಇದು. ಡೆಬಿಯನ್‌ನಲ್ಲಿ ಜಿರ‍್ಯಾಮ್-ಟೂಲ್ಸ್ ಎಂಬ ಪ್ಯಾಕೇಜ್ ಹಾಕಿ, ಅದರ ಸಂರಚನಾ ಕಡತದಲ್ಲಿ ಎರಡೇ ಸಾಲು ಬದಲಿಸಿದರೆ ಸಾಕು: ಒತ್ತುವ ವಿಧಾನ ಮತ್ತು ಮೆಮೊರಿಯ ಶೇಕಡಾ ಎಷ್ಟು ಎಂಬುದು. ನಾನು ಶೇಕಡಾ 50 ಇಟ್ಟೆ. ವಿಧಾನಗಳಲ್ಲಿ ಝಡ್‌ಎಸ್‌ಟಿಡಿ ಹೆಚ್ಚು ಕುಗ್ಗಿಸುತ್ತದೆ, ಎಲ್‌ಝಡ್4 ಬೇಗ ಕುಗ್ಗಿಸುತ್ತದೆ. 2007ರ ಪ್ರೊಸೆಸರಿಗೆ ಎರಡನೆಯದೇ ವಾಸಿ. ಅದೂ ತುಂಬಿದರೆ ಇರಲಿ ಎಂದು ಮೆಮೊರಿಯಲ್ಲಿ ಹಿಡಿಸದ ಪುಟಗಳನ್ನು ಇಡಲು ಎಸ್‌ಎಸ್‌ಡಿಯಲ್ಲಿ 2 ಜಿಬಿಯ ಸ್ವಾಪ್ ಕಡತ ಇಟ್ಟಿದ್ದೇನೆ. ಫೈರ್‌ಫಾಕ್ಸ್‌ಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಸೇರಿಸಿದ್ದು ಮಾತ್ರ ಈ ಎಲ್ಲಕ್ಕಿಂತ ಎದ್ದು ಕಂಡಿತು. ಸುದ್ದಿ ತಾಣದ ಒಂದು ಪುಟದಲ್ಲಿ ಸುದ್ದಿಗಿಂತ ಜಾಹೀರಾತಿನ ಸ್ಕ್ರಿಪ್ಟುಗಳೇ ಹೆಚ್ಚು ಮೆಮೊರಿ ತಿನ್ನುತ್ತವೆ.

ನುಡಿಯ ಕಡತಗಳು

ಮಾವ ಅಂಜಿದ್ದು ಇದಕ್ಕೇ. ಅವರ ಹದಿನೈದು ವರ್ಷಗಳ ಬರಹ ನುಡಿಯಲ್ಲಿದೆ, ಅದೂ ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ. ಲಿಬ್ರೆ ಆಫೀಸಿನಲ್ಲಿ ಕಡತ ತೆರೆದರೆ ಕನ್ನಡದ ಜಾಗದಲ್ಲಿ ಚುಕ್ಕೆ ಕೊಕ್ಕೆಗಳ ರೋಮನ್ ಅಕ್ಷರಗಳು. ಆ ಫಾಂಟನ್ನು ಲಿನಕ್ಸಿಗೆ ಹಾಕಿದರೆ ಓದಲು ಬರುತ್ತದೆ, ಹುಡುಕಲು ಬರುವುದಿಲ್ಲ. ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ತಂತ್ರಾಂಶಗಳಿವೆ. ಅವು ಬಹುಪಾಲು ಸರಿಯಾಗಿ ಮಾಡುತ್ತವೆ, ಎಡವುವುದು ಅರ್ಕಾವತ್ತಿನಲ್ಲಿ. ಹಳೆಯ ಫಾಂಟಿನಲ್ಲಿ "ಧರ್ಮ" ಎಂಬುದರ ಅರ್ಕಾವತ್ತು ಕಣ್ಣಿಗೆ ಕಾಣುವಂತೆಯೇ ಮಕಾರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಅಕ್ಷರಕ್ಕೆ ಒತ್ತು, ದೀರ್ಘ ಎಲ್ಲ ಸೇರಿಕೊಂಡಾಗ ಈ ಅದಲುಬದಲು ಕೆಲವೊಮ್ಮೆ ತಪ್ಪುತ್ತದೆ. ಶಾಸನಗಳ ಬಗ್ಗೆ ಬರೆಯುವವರಿಗೆ ಅರ್ಕಾವತ್ತು ಎಷ್ಟು ಬೇಕಾಗುತ್ತದೆ ಎಂದು ಹೇಳಬೇಕಾಗಿಲ್ಲ. ಮೂಲ ಕಡತಗಳನ್ನು ಅಳಿಸದೆ ಪಕ್ಕದಲ್ಲೇ ಇಟ್ಟಿದ್ದೇನೆ. ಕರಡು ತಿದ್ದುವ ಕೆಲಸವನ್ನು ಮಾವ ತಾವೇ ವಹಿಸಿಕೊಂಡಿದ್ದಾರೆ.

ಟೈಪಿಸುವುದು ಸುಲಭವಾಯಿತು. ನುಡಿಯ ಕೀಲಿಮಣೆಗೆ ಕೆ.ಪಿ. ರಾವ್ ಅವರ ವಿನ್ಯಾಸವೇ ಆಧಾರ. ಲಿನಕ್ಸಿನಲ್ಲಿ ಬೇರೆ ಬೇರೆ ಭಾಷೆ ಟೈಪಿಸಲು ಬಳಸುವ ಐಬಸ್ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿದರೆ ಅದು ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ. ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತುವ ಅಭ್ಯಾಸವೂ ಹಾಗೆಯೇ ಉಳಿಯುತ್ತದೆ. ಮಾವ ಎರಡು ಸಾಲು ಹೊಡೆದು ನೋಡಿ ತಲೆಯಾಡಿಸಿದರು, ಆಮೇಲೆ ಆ ವಿಷಯ ಎತ್ತಲಿಲ್ಲ.

ಸರಿಹೋಗದ್ದು ಯೂಟ್ಯೂಬ್. ಮಾವ ತಾಳಮದ್ದಳೆ ಕೇಳುವುದು ಅದರಲ್ಲೇ. ಯೂಟ್ಯೂಬ್ ಈಗ ಕಳಿಸುವ ವಿಪಿ9, ಎವಿ1 ಸಂಕೇತಗಳನ್ನು ಬಿಡಿಸುವ ಯಾವ ಸಹಾಯವೂ ಜಿಎಂಎ 950ರಲ್ಲಿಲ್ಲ. ಎಲ್ಲವೂ ಪ್ರೊಸೆಸರಿನ ತಲೆಯ ಮೇಲೆ ಬೀಳುತ್ತದೆ. ಇದಕ್ಕೆ ಮೆಮೊರಿ ಎಷ್ಟು ಸುರಿದರೂ ಪ್ರಯೋಜನವಿಲ್ಲ. ಎಚ್264 ಸಂಕೇತವನ್ನೇ ಕೇಳಿ ಪಡೆಯುವ ಒಂದು ಪುಟ್ಟ ಎಕ್ಸ್‌ಟೆನ್ಷನ್ ಹಾಕಿ, 480ಕ್ಕೆ ಇಳಿಸಿದ ಮೇಲೆ ಮಾತು ಮತ್ತು ತುಟಿ ಜೊತೆಜೊತೆಗೆ ನಡೆಯುತ್ತಿವೆ. 720ಕ್ಕೆ ಏರಿಸಿದರೆ ಮತ್ತೆ ತಡವರಿಕೆ. ತಾಳಮದ್ದಳೆಗೆ ಕಿವಿ ಸಾಕು ಎಂದು ಮಾವನೇ ತೀರ್ಪು ಕೊಟ್ಟರು.

ಯಂತ್ರಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನ ಫ್ಯಾನ್ ಮಾತ್ರ ಇನ್ನೂ ಗೊರಗುಟ್ಟುತ್ತಿದೆ. ಅದರ ಡಬ್ಬಿಯ ಕೆಪಾಸಿಟರುಗಳಲ್ಲಿ ವೈರ್ ಕಿತ್ತ ಮೇಲೂ ವಿದ್ಯುತ್ ಉಳಿದಿರುತ್ತದೆ, ಮನೆಯಲ್ಲಿ ಬಿಚ್ಚುವ ವಸ್ತು ಅದಲ್ಲ. ಮುಂದಿನ ಸಲ ಹೋಗುವಾಗ ಬೇರೊಂದನ್ನೇ ಒಯ್ಯುತ್ತೇನೆ.